ಕಾವೇರಿಯ ನಡುವೆ ಹಕ್ಕಿಗಳ ಊರು

ಮಕ್ಕಳೇ, ಕಾವೇರಿ ನದಿಯನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ನಮ್ಮ ಕೃಷ್ಣಗಿರಿ ಜಿಲ್ಲೆಯ ಅಂಚಿನಲ್ಲಿ, ಅಂಚೆಟ್ಟಿಯ ಕಾಡುಗಳನ್ನು ದಾಟಿದರೆ ಕಾವೇರಿ ಕಾಣುತ್ತದೆ. ಅಲ್ಲಿ ನದಿಯ ಒಂದು ದಡ ತಮಿಳುನಾಡು, ಇನ್ನೊಂದು ದಡ ಕರ್ನಾಟಕ. ಬಿಳಿಗುಂಡ್ಲು ಎಂಬ ಸ್ಥಳದಲ್ಲಿ ನದಿಯಲ್ಲಿ ಎಷ್ಟು ನೀರು ಹರಿದುಬರುತ್ತಿದೆ ಎಂದು ಅಳೆಯುತ್ತಾರೆ. ಅದೇ ನೀರು ಮುಂದೆ ಹೊಗೇನಕಲ್ಲಿನಲ್ಲಿ ಹೊಗೆಯೆಬ್ಬಿಸುತ್ತಾ ಧುಮುಕುತ್ತದೆ. ಅಲ್ಲಿ ಬುಟ್ಟಿಯಂತೆ ದುಂಡಗಿರುವ ಹರಿಗೋಲಿನಲ್ಲಿ ಕುಳಿತು ಬಂಡೆಗಳ ನಡುವೆ ತೇಲಿದ ಅನುಭವವೂ ಕೆಲವರಿಗೆ ಇರಬಹುದು. ತಮಿಳಿನಲ್ಲಿ ಅದನ್ನು ಪರಿಸಲ್ ಎನ್ನುತ್ತಾರೆ.

ಈಗ ನಾವು ನದಿ ಹರಿದುಬರುವ ದಿಕ್ಕಿಗೆ ಎದುರಾಗಿ, ಮೇಲಕ್ಕೆ ಹೋಗೋಣ. ಮೇಕೆದಾಟು, ಶಿವನಸಮುದ್ರಗಳನ್ನು ದಾಟಿ ಮುಂದೆ ಮುಂದೆ ಹೋದರೆ ಶ್ರೀರಂಗಪಟ್ಟಣ ಸಿಗುತ್ತದೆ. ಇದು ಕರ್ನಾಟಕದ ಮಂಡ್ಯ ಜಿಲ್ಲೆಯಲ್ಲಿದೆ. ಹೊಸೂರಿನಿಂದ ಬೆಂಗಳೂರಿನ ಮಾರ್ಗವಾಗಿ ಬಸ್ಸಿನಲ್ಲಿಯೂ ಇಲ್ಲಿಗೆ ಹೋಗಬಹುದು. ಶ್ರೀರಂಗಪಟ್ಟಣವು ಕಾವೇರಿಯ ಎರಡು ಕವಲುಗಳ ನಡುವೆ ಇರುವ ಊರು. ನಾಲ್ಕು ಕಡೆಗೂ ನೀರು, ನಡುವೆ ನೆಲ. ಇಂತಹ ನೆಲವನ್ನು ದ್ವೀಪ ಅಥವಾ ನಡುಗಡ್ಡೆ ಎನ್ನುತ್ತಾರೆ. ದ್ವೀಪಗಳು ಸಮುದ್ರದಲ್ಲಿ ಮಾತ್ರ ಇರುತ್ತವೆ ಎಂದು ತಿಳಿಯಬೇಡಿ. ನದಿಯ ನಡುವೆಯೂ ದ್ವೀಪಗಳಿವೆ. ಕಾವೇರಿಯ ಮೂರು ದ್ವೀಪಗಳಲ್ಲಿ ಶ್ರೀರಂಗನಾಥನ ದೇವಾಲಯಗಳಿವೆ. ಶ್ರೀರಂಗಪಟ್ಟಣದ ರಂಗನನ್ನು ಆದಿರಂಗನೆಂದೂ ಶಿವನಸಮುದ್ರದ ರಂಗನನ್ನು ಮಧ್ಯರಂಗನೆಂದೂ ತಮಿಳುನಾಡಿನ ಶ್ರೀರಂಗದ ರಂಗನನ್ನು ಅಂತ್ಯರಂಗನೆಂದೂ ಜನರು ಕರೆಯುತ್ತಾರೆ.

ಶ್ರೀರಂಗಪಟ್ಟಣದ ಹತ್ತಿರವೇ, ನದಿಯ ನಡುವೆ, ಇನ್ನೂ ಕೆಲವು ಚಿಕ್ಕ ಚಿಕ್ಕ ದ್ವೀಪಗಳಿವೆ. ಅಲ್ಲಿ ಮನುಷ್ಯರು ವಾಸಿಸುವುದಿಲ್ಲ. ಮನೆಗಳಿಲ್ಲ, ರಸ್ತೆಗಳಿಲ್ಲ, ಸೇತುವೆಯೂ ಇಲ್ಲ. ಆದರೂ ಅದು ಗಿಜಿಗುಟ್ಟುವ ಊರು. ಅಲ್ಲಿನ ನಿವಾಸಿಗಳು ಹಕ್ಕಿಗಳು. ಆ ಊರಿನ ಹೆಸರು ರಂಗನತಿಟ್ಟು.

ತಿಟ್ಟು ಎಂದರೇನು?

ತಿಟ್ಟು ಎಂದರೆ ಎತ್ತರವಾದ ನೆಲ, ದಿಬ್ಬ. ತಮಿಳಿನಲ್ಲಿಯೂ ಈ ಪದವಿದೆ. ನೀರಿನ ನಡುವೆ ಎದ್ದುಕಾಣುವ ಮರಳಿನ ದಿಬ್ಬವನ್ನು ತಮಿಳಿನಲ್ಲಿ ‘ಮಣಲ್ ತಿಟ್ಟು’ ಎನ್ನುವುದನ್ನು ನೀವು ಕೇಳಿರಬಹುದು. ರಂಗನ ಊರಿನ ಬಳಿ ಇರುವ ತಿಟ್ಟು ರಂಗನತಿಟ್ಟು ಆಯಿತು.

ಈ ತಿಟ್ಟುಗಳು ಹುಟ್ಟಿದ್ದು ಹೇಗೆ? ಸುಮಾರು 375 ವರ್ಷಗಳ ಹಿಂದೆ ಮೈಸೂರನ್ನು ಕಂಠೀರವ ನರಸರಾಜ ಒಡೆಯರು ಆಳುತ್ತಿದ್ದರು. 1645ರಿಂದ 1648ರ ನಡುವೆ ಕಾವೇರಿಗೆ ಅಡ್ಡಲಾಗಿ ಇಲ್ಲಿ ಒಂದು ಕಟ್ಟೆಯನ್ನು ಕಟ್ಟಲಾಯಿತು. ಕಟ್ಟೆ ಕಟ್ಟಿದ ಮೇಲೆ ಅದರ ಹಿಂದೆ ನೀರು ನಿಂತಿತು. ತಗ್ಗಾದ ನೆಲವೆಲ್ಲ ನೀರಿನಲ್ಲಿ ಮುಳುಗಿತು. ಎತ್ತರವಾದ ನೆಲ ಮಾತ್ರ ನೀರಿನ ಮೇಲೆ ಉಳಿಯಿತು. ಹೀಗೆ ಉಳಿದ ದಿಬ್ಬಗಳೇ ಇಂದಿನ ತಿಟ್ಟುಗಳು. ಕಟ್ಟೆ ಕಟ್ಟಿದವರು ಹೊಲಗದ್ದೆಗಳಿಗೆ ನೀರು ಬೇಕೆಂದು ಕಟ್ಟಿದರು. ಹಕ್ಕಿಗಳಿಗೆ ಮನೆ ಸಿಗುತ್ತದೆ ಎಂದು ಅವರು ಎಣಿಸಿರಲಾರರು.

ಕಾಲ ಕಳೆದಂತೆ ತಿಟ್ಟುಗಳ ಮೇಲೆ ಮರಗಿಡಗಳು ಬೆಳೆದವು. ನೀರಿನ ಅಂಚಿನಲ್ಲಿ ಬೆಳೆಯುವ ಹೊಳೆಮತ್ತಿ ಮರಗಳು, ಬಿದಿರು ಮೆಳೆಗಳು, ಕೇದಗೆಯಂತಹ ಮುಳ್ಳೆಲೆಯ ಪೊದೆಗಳು ದಟ್ಟವಾಗಿ ಹಬ್ಬಿದವು. ಹಕ್ಕಿಗಳು ಬಂದವು, ಗೂಡು ಕಟ್ಟಿದವು. ವರ್ಷ ವರ್ಷವೂ ಬರತೊಡಗಿದವು.

ಹಕ್ಕಿಗಳ ಗೆಳೆಯ ಬಂದರು

ಈ ಹಕ್ಕಿಗಳ ಊರಿನ ಬೆಲೆಯನ್ನು ಲೋಕಕ್ಕೆ ತಿಳಿಸಿದವರು ಡಾ. ಸಾಲಿಂ ಅಲಿ. ಅವರು 1896ರಲ್ಲಿ ಮುಂಬಯಿಯಲ್ಲಿ ಹುಟ್ಟಿದರು. ಚಿಕ್ಕಂದಿನಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡು ಸೋದರಮಾವನ ಮನೆಯಲ್ಲಿ ಬೆಳೆದರು. ಸುಮಾರು ಹತ್ತು ವರ್ಷದ ಹುಡುಗನಾಗಿದ್ದಾಗ ಆಟದ ಬಂದೂಕಿನಿಂದ ಒಂದು ಗುಬ್ಬಚ್ಚಿಯನ್ನು ಹೊಡೆದರು. ಅದನ್ನು ಕೈಗೆತ್ತಿಕೊಂಡು ನೋಡಿದರೆ ಅದರ ಕತ್ತಿನ ಮೇಲೆ ಹಳದಿ ಮಚ್ಚೆ ಇತ್ತು. ಅಂತಹ ಗುಬ್ಬಚ್ಚಿಯನ್ನು ಅವರು ಹಿಂದೆ ನೋಡಿರಲಿಲ್ಲ. ಇದು ಯಾವ ಹಕ್ಕಿ ಎಂದು ಕೇಳಿದರು. ಮಾವನಿಗೂ ತಿಳಿಯಲಿಲ್ಲ. ಅವರು ಹುಡುಗನನ್ನು ಮುಂಬಯಿಯ ನಿಸರ್ಗ ಚರಿತ್ರೆಯ ಸಂಘಕ್ಕೆ ಕಳುಹಿಸಿದರು. ಅಲ್ಲಿ ಹಲವಾರು ಬಗೆಯ ಹಕ್ಕಿಗಳ ಮಾದರಿಗಳನ್ನು ಸಂಗ್ರಹಿಸಿ ಇಟ್ಟಿದ್ದರು. ಅವುಗಳನ್ನು ಕಂಡು ಹುಡುಗನ ಕಣ್ಣು ಅರಳಿತು. ಅಂದಿನಿಂದ ಹಕ್ಕಿಗಳನ್ನು ತಿಳಿಯುವುದೇ ಅವರ ಬಾಳಿನ ಕೆಲಸವಾಯಿತು.

ಸಾಲಿಂ ಅಲಿಯವರು 1939-40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳನ್ನು ಸಮೀಕ್ಷೆ ಮಾಡಲು ಊರೂರು ಸುತ್ತಿದರು. ಕಾವೇರಿಯ ಈ ತಿಟ್ಟುಗಳನ್ನು ನೋಡಿ ಬೆರಗಾದರು. ಇಲ್ಲಿ ಹಕ್ಕಿಗಳು ಸಾಲುಸಾಲಾಗಿ ಗೂಡು ಕಟ್ಟಿ ಮರಿ ಮಾಡುತ್ತವೆ, ಇದನ್ನು ಕಾಪಾಡಬೇಕು ಎಂದು ಮೈಸೂರಿನ ಒಡೆಯರಿಗೆ ತಿಳಿಸಿದರು. ಅವರ ಮಾತಿಗೆ ಬೆಲೆ ಸಿಕ್ಕಿತು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಆಗ ಅದರ ವಿಸ್ತೀರ್ಣ ಸುಮಾರು 40 ಎಕರೆ ಮಾತ್ರ. ನಮ್ಮ ಕಡೆಯ ದೊಡ್ಡ ಕೆರೆಯೊಂದರ ಅಂಗಳಕ್ಕಿಂತ ಅದು ಹೆಚ್ಚೇನೂ ಅಲ್ಲ. ಆದರೆ ಹಕ್ಕಿಗಳಿಗೆ ಅಷ್ಟೇ ಸಾಕಾಯಿತು.

ಹುಡುಗನಾಗಿದ್ದಾಗ ಹಕ್ಕಿಯನ್ನು ಹೊಡೆದ ಕೈ, ದೊಡ್ಡವನಾದ ಮೇಲೆ ಸಾವಿರಾರು ಹಕ್ಕಿಗಳನ್ನು ಕಾಪಾಡಿತು. ಸಾಲಿಂ ಅಲಿಯವರು 1987ರಲ್ಲಿ ತೀರಿಕೊಂಡರು. ಅವರು ತೋರಿಸಿಕೊಟ್ಟ ತಿಟ್ಟುಗಳಲ್ಲಿ ಇಂದಿಗೂ ಮರಿಗಳ ಕೂಗು ಕೇಳುತ್ತದೆ.

ಬನ್ನಿ, ದೋಣಿ ಹತ್ತೋಣ

ತಿಟ್ಟುಗಳ ಮೇಲೆ ಕಾಲಿಡಲು ಯಾರಿಗೂ ಅನುಮತಿ ಇಲ್ಲ. ಚಿಕ್ಕ ದೋಣಿಯಲ್ಲಿ ಕುಳಿತು ದೂರದಿಂದ ನೋಡಬೇಕು. ದೋಣಿ ಹತ್ತುವ ಮೊದಲು ಲೈಫ್ ಜಾಕೆಟ್ ಎಂಬ ತೇಲುವ ಅಂಗಿಯನ್ನು ಎಲ್ಲರೂ ತೊಡಬೇಕು. ಒಬ್ಬೊಬ್ಬರಾಗಿ ಹತ್ತಬೇಕು. ಎಲ್ಲರೂ ಒಂದೇ ಕಡೆಗೆ ವಾಲಿದರೆ ದೋಣಿಯೂ ವಾಲುತ್ತದೆ. ನೀರಿನಲ್ಲಿ ಕೈ ಆಡಿಸಬಾರದು. ಏಕೆ ಎಂಬುದು ಸ್ವಲ್ಪ ಹೊತ್ತಿನಲ್ಲಿಯೇ ತಿಳಿಯುತ್ತದೆ.

ದೋಣಿ ನಡೆಸುವವರು ಹುಟ್ಟು ಹಾಕುತ್ತಾರೆ. ಹುಟ್ಟು ನೀರಿಗೆ ಬಿದ್ದು ಏಳುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ದಡ ಹಿಂದೆ ಸರಿಯುತ್ತದೆ. ತಿಟ್ಟು ಹತ್ತಿರವಾಗುತ್ತದೆ. ಮೊದಲು ಮೂಗಿಗೆ ಒಂದು ಘಾಟು ವಾಸನೆ ಬಡಿಯುತ್ತದೆ. ಅದು ಹಕ್ಕಿಗಳ ಹಿಕ್ಕೆಯ ವಾಸನೆ. ಮರದ ಎಲೆಗಳು ಸುಣ್ಣ ಬಳಿದಂತೆ ಬೆಳ್ಳಗಾಗಿವೆ. ಆಮೇಲೆ ಕಿವಿಗೆ ಗದ್ದಲ ಕೇಳುತ್ತದೆ. ಕ್ರೀಂ, ಕರ್‌, ಟಕಟಕ ಎಂದು ಬಗೆಬಗೆಯ ಸದ್ದು. ಸಂತೆಯ ದಿನ ಊರಿನಲ್ಲಿ ಕೇಳುವ ಗಲಭೆಯಂತೆ ಇರುತ್ತದೆ.

ಅಗೋ, ಆ ಬಂಡೆಯ ಮೇಲೆ ಒಣಗಿದ ಮರದ ದಿಮ್ಮಿ ಬಿದ್ದಿದೆ. ಇಲ್ಲ, ಅದು ದಿಮ್ಮಿಯಲ್ಲ. ಅದಕ್ಕೆ ಕಣ್ಣಿದೆ, ಹಲ್ಲಿದೆ. ಅದು ಮೊಸಳೆ! ಬಾಯಿಯನ್ನು ಅಗಲವಾಗಿ ತೆರೆದುಕೊಂಡು ಅಲುಗದೆ ಮಲಗಿದೆ. ಯಾರನ್ನೋ ನುಂಗಲು ಬಾಯಿ ತೆರೆದಿದೆ ಎಂದು ಹೆದರಬೇಡಿ. ಮೊಸಳೆಗೆ ನಮ್ಮಂತೆ ಮೈ ಬೆವರುವುದಿಲ್ಲ. ಬಿಸಿಲಿನಲ್ಲಿ ಮೈ ಹೆಚ್ಚು ಕಾದಾಗ ಬಾಯಿ ತೆರೆದು ಶಾಖವನ್ನು ಹೊರಗೆ ಬಿಡುತ್ತದೆ. ನಾಯಿಯು ಬಿಸಿಲಿನಲ್ಲಿ ನಾಲಿಗೆ ಚಾಚಿ ತೇಕುವುದಿಲ್ಲವೇ? ಹಾಗೆಯೇ ಇದು.

ಮೊಸಳೆಯು ತಣ್ಣನೆಯ ರಕ್ತದ ಪ್ರಾಣಿ. ತನ್ನ ಮೈಯನ್ನು ತಾನೇ ಬಿಸಿಯಾಗಿ ಇಟ್ಟುಕೊಳ್ಳಲು ಅದಕ್ಕೆ ಆಗದು. ಆದ್ದರಿಂದ ಬೆಳಗಿನ ಹೊತ್ತು ಬಂಡೆಯ ಮೇಲೆ ಬಿಸಿಲು ಕಾಯಿಸುತ್ತದೆ. ಮೈ ಕಾದ ಮೇಲೆ ನೀರಿಗೆ ಇಳಿಯುತ್ತದೆ. ಕರ್ನಾಟಕದಲ್ಲಿ ಅತಿ ಹೆಚ್ಚು ಮೊಸಳೆಗಳಿರುವ ಸ್ಥಳಗಳಲ್ಲಿ ರಂಗನತಿಟ್ಟು ಮುಖ್ಯವಾದುದು. ನೀರಿನಲ್ಲಿ ಕೈ ಆಡಿಸಬಾರದು ಎಂದು ಹೇಳಿದ್ದು ಏಕೆ ಎಂದು ಈಗ ತಿಳಿಯಿತಲ್ಲವೇ?

ಅದೃಷ್ಟವಿದ್ದರೆ ನೀರುನಾಯಿಗಳೂ ಕಾಣುತ್ತವೆ. ಇವು ನಾಯಿಗಳಲ್ಲ, ಮೀನು ತಿನ್ನುವ ಸಸ್ತನಿಗಳು. ನುಣುಪಾದ ಮೈ, ಜಾಲಪಾದ, ಚಪ್ಪಟೆಯಾದ ಬಲವಾದ ಬಾಲ ಇವಕ್ಕೆ ಈಜಲು ನೆರವಾಗುತ್ತವೆ. ತಂದೆ, ತಾಯಿ, ಮರಿಗಳು ಒಂದೇ ಗುಂಪಾಗಿ ಬೇಟೆಯಾಡುತ್ತವೆ. ಮರವೊಂದರಲ್ಲಿ ಕಪ್ಪು ಕೊಡೆಗಳನ್ನು ತಲೆಕೆಳಗಾಗಿ ನೇತುಹಾಕಿದಂತೆ ಕಾಣುವುದು ಹಣ್ಣು ತಿನ್ನುವ ದೊಡ್ಡ ಬಾವಲಿಗಳ ಹಿಂಡು. ಅವು ಹಗಲು ನಿದ್ರಿಸಿ ಇರುಳು ಹಾರುತ್ತವೆ.

ಒಂದೊಂದು ಕೊಕ್ಕಿಗೂ ಒಂದೊಂದು ಕೆಲಸ

ಈಗ ಹಕ್ಕಿಗಳ ಕೊಕ್ಕುಗಳನ್ನು ಗಮನಿಸೋಣ. ಬಡಗಿಯ ಬಳಿ ಉಳಿ, ಗರಗಸ, ಸುತ್ತಿಗೆ ಇರುತ್ತವೆ. ಒಂದೊಂದಕ್ಕೂ ಒಂದೊಂದು ಕೆಲಸ. ಹಕ್ಕಿಗೆ ಕೈಗಳಿಲ್ಲ. ಅದರ ಕೊಕ್ಕೇ ಅದರ ಉಪಕರಣ. ಕೊಕ್ಕಿನ ಆಕಾರವನ್ನು ನೋಡಿ ಹಕ್ಕಿ ಏನು ತಿನ್ನುತ್ತದೆ, ಹೇಗೆ ತಿನ್ನುತ್ತದೆ ಎಂದು ಹೇಳಬಹುದು.

ಹೊಳೆಮತ್ತಿಯ ಮರದ ಮೇಲೆ ಸಾಲಾಗಿ ನಿಂತಿರುವುದು ಬಣ್ಣದ ಕೊಕ್ಕರೆ. ಬಿಳಿ ಮೈ, ಎದೆಯ ಮೇಲೆ ಕಪ್ಪು ಪಟ್ಟಿ, ಕಿತ್ತಳೆ ಬಣ್ಣದ ಮುಖ, ಉದ್ದನೆಯ ಹಳದಿ ಕೊಕ್ಕು. ಬಾಲದ ಬಳಿಯ ಗರಿಗಳು ಗುಲಾಬಿ ಬಣ್ಣ. ಯಾರೋ ಕುಂಚದಿಂದ ಬಳಿದಂತೆ ಕಾಣುತ್ತದೆ. ಇದು ಮೀನು ಹಿಡಿಯುವ ರೀತಿ ಬಲು ಸೊಗಸು. ಮೊಣಕಾಲುದ್ದ ನೀರಿನಲ್ಲಿ ನಿಂತು ಕೊಕ್ಕನ್ನು ಅರ್ಧ ತೆರೆದು ನೀರಿನಲ್ಲಿ ಅದ್ದುತ್ತದೆ. ಒಂದು ಕಾಲಿನಿಂದ ಕೆಸರನ್ನು ಕಲಕುತ್ತದೆ. ಬೆದರಿದ ಮೀನು ಕೊಕ್ಕಿಗೆ ತಗುಲಿದರೆ ಸಾಕು, ಕೊಕ್ಕು ಟಪ್ಪನೆ ಮುಚ್ಚಿಕೊಳ್ಳುತ್ತದೆ. ನೀರು ಕದಡಿದ್ದರೂ ಚಿಂತೆಯಿಲ್ಲ. ಅದು ಕಣ್ಣಿನಿಂದಲ್ಲ, ಸ್ಪರ್ಶದಿಂದ ಬೇಟೆಯಾಡುತ್ತದೆ.

ಬಾಯ್ಕಳಕ ಎಂಬ ಕೊಕ್ಕರೆಯ ಕೊಕ್ಕು ಪೂರ್ತಿ ಮುಚ್ಚುವುದೇ ಇಲ್ಲ. ನಡುವೆ ಒಂದು ಸಂದು ಇರುತ್ತದೆ. ಇದು ಕೊಕ್ಕಿನ ದೋಷವಲ್ಲ. ಬಾಯ್ಕಳಕನ ಮುಖ್ಯ ಆಹಾರ ನೀರಿನ ಬಸವನಹುಳು. ಗಟ್ಟಿ ಚಿಪ್ಪಿನ ಒಳಗಿನಿಂದ ಹುಳುವನ್ನು ಹೊರಗೆಳೆಯಲು ಈ ಬಗೆಯ ಕೊಕ್ಕು ಅನುಕೂಲ. ಮರಿಗಳ ಕೊಕ್ಕಿನಲ್ಲಿ ಈ ಸಂದು ಇರುವುದಿಲ್ಲ. ಬೆಳೆದಂತೆ ಮೂಡುತ್ತದೆ.

ಚಮಚ ಕೊಕ್ಕಿನ ಹಕ್ಕಿಯನ್ನು ಯಾರೂ ಮರೆಯಲಾರರು. ಅದರ ಕೊಕ್ಕಿನ ತುದಿ ಚಪ್ಪಟೆಯಾಗಿ ಅಗಲವಾಗಿದೆ. ನಮ್ಮ ಮನೆಯ ಅನ್ನದ ಸೌಟಿನಂತೆಯೇ ಇದೆ. ಅದು ನೀರಿನಲ್ಲಿ ನಡೆಯುತ್ತಾ ಕೊಕ್ಕನ್ನು ಎಡಕ್ಕೂ ಬಲಕ್ಕೂ ಬೀಸುತ್ತದೆ. ಸಿಕ್ಕಿದ ಚಿಕ್ಕ ಜೀವಿಗಳನ್ನು ಹಿಡಿದು ನುಂಗುತ್ತದೆ. ಬಿಳಿ ಕೆಂಬರಲು ಎಂಬ ಹಕ್ಕಿಯ ಕರಿಯ ಕೊಕ್ಕು ಕುಡುಗೋಲಿನಂತೆ ಬಾಗಿದೆ. ಅದನ್ನು ಕೆಸರಿನ ಆಳಕ್ಕೆ ಚುಚ್ಚಿ ಹುಳುಗಳನ್ನು ಹೊರಗೆ ತೆಗೆಯುತ್ತದೆ.

ಹೆಜ್ಜಾರ್ಲೆ ದೊಡ್ಡ ಹಕ್ಕಿ. ಅದರ ಕೆಳಕೊಕ್ಕಿಗೆ ಚರ್ಮದ ಚೀಲವೊಂದು ಜೋತುಬಿದ್ದಿದೆ. ಅದು ನೀರಿನ ಸಮೇತ ಮೀನನ್ನು ಚೀಲದಲ್ಲಿ ತುಂಬಿಕೊಳ್ಳುತ್ತದೆ. ಆಮೇಲೆ ನೀರನ್ನು ಹೊರಗೆ ಬಿಟ್ಟು ಮೀನನ್ನು ನುಂಗುತ್ತದೆ. ಹಾವಕ್ಕಿ ಈಜುವಾಗ ಮೈಯೆಲ್ಲ ನೀರಿನೊಳಗೆ, ಕತ್ತು ಮಾತ್ರ ಹೊರಗೆ. ಹಾವು ತೇಲಿದಂತೆ ಕಾಣುವುದರಿಂದ ಅದಕ್ಕೆ ಆ ಹೆಸರು. ಅದರ ಕೊಕ್ಕು ಭರ್ಜಿಯಂತೆ ಚೂಪು. ನೀರಿನೊಳಗೆ ಮುಳುಗಿ ಮೀನನ್ನು ತಿವಿಯುತ್ತದೆ.

ನೀರುಕಾಗೆಯೂ ಮುಳುಗಿ ಮೀನು ಹಿಡಿಯುತ್ತದೆ. ಬಾತುಕೋಳಿಯ ಗರಿಗಳಂತೆ ನೀರುಕಾಗೆಯ ಗರಿಗಳು ನೀರನ್ನು ಪೂರ್ತಿ ತಡೆಯುವುದಿಲ್ಲ, ನೆನೆಯುತ್ತವೆ. ನೆನೆದ ಗರಿಗಳಿಂದ ಮೈ ಭಾರವಾಗಿ ಮುಳುಗುವುದು ಸುಲಭ. ಮೇಲೆ ಬಂದ ಮೇಲೆ ಬಂಡೆಯ ಮೇಲೆ ಕುಳಿತು ಎರಡು ರೆಕ್ಕೆಗಳನ್ನೂ ಬಿಡಿಸಿ ಒಣಗಿಸಿಕೊಳ್ಳುತ್ತದೆ. ಒದ್ದೆ ಬಟ್ಟೆಯನ್ನು ಹಗ್ಗದ ಮೇಲೆ ಹರವಿದಂತೆ ಕಾಣುತ್ತದೆ.

ಇಷ್ಟೊಂದು ಹಕ್ಕಿಗಳು ಒಂದೇ ನದಿಯಲ್ಲಿ ಹೇಗೆ ಬದುಕುತ್ತವೆ ಎಂಬುದಕ್ಕೆ ಉತ್ತರ ಇಲ್ಲಿಯೇ ಇದೆ. ಒಂದು ಆಳದಲ್ಲಿ ಹುಡುಕುತ್ತದೆ, ಒಂದು ಅಂಚಿನಲ್ಲಿ. ಒಂದಕ್ಕೆ ಮೀನು, ಒಂದಕ್ಕೆ ಬಸವನಹುಳು. ಒಂದು ಹಗಲು ಬೇಟೆಯಾಡಿದರೆ ಇರುಳು ಬಕ ಸಂಜೆಯ ಮೇಲೆ ಹೊರಡುತ್ತದೆ. ಒಬ್ಬರ ತಟ್ಟೆಗೆ ಇನ್ನೊಬ್ಬರು ಕೈ ಹಾಕುವುದು ಕಡಿಮೆ.

ತಿಟ್ಟೇ ಏಕೆ ಬೇಕು?

ನದಿಯ ದಡದಲ್ಲಿಯೂ ಮರಗಳಿವೆ. ಆದರೂ ಹಕ್ಕಿಗಳು ನೀರಿನ ನಡುವಿನ ಮರಗಳನ್ನೇ ಏಕೆ ಆರಿಸುತ್ತವೆ? ದಡದಲ್ಲಿ ಕಾಡುಬೆಕ್ಕು, ನಾಯಿ, ನರಿಗಳ ಕಾಟ. ಮನುಷ್ಯರ ಓಡಾಟವೂ ಹೆಚ್ಚು. ತಿಟ್ಟಿನ ಸುತ್ತ ನೀರಿದೆ. ಕೋಟೆಯ ಸುತ್ತ ಕಂದಕ ಇದ್ದಂತೆ. ಕಂದಕದಲ್ಲಿ ಮೊಸಳೆಗಳೂ ಇವೆ! ಈಜಿ ಬರುವ ಕಳ್ಳಪ್ರಾಣಿಗಳಿಗೆ ಅದು ಸುಲಭದ ದಾರಿಯಲ್ಲ. ಹಾಗೆಂದು ಮೊಸಳೆಯೇನೂ ಸಂಬಳವಿಲ್ಲದ ಕಾವಲುಗಾರನಲ್ಲ. ಗೂಡಿನಿಂದ ಜಾರಿ ನೀರಿಗೆ ಬಿದ್ದ ಮರಿಯನ್ನು ಅದು ಬಿಡುವುದಿಲ್ಲ.

ಹಕ್ಕಿಗಳ ಹಿಕ್ಕೆ ನೀರಿಗೆ ಬೀಳುತ್ತದೆ. ಅದು ನೀರಿನ ಸಣ್ಣ ಸಸ್ಯಗಳಿಗೆ ಗೊಬ್ಬರ. ಆ ಸಸ್ಯಗಳನ್ನು ತಿಂದು ಪುಟ್ಟ ಜೀವಿಗಳು ಬೆಳೆಯುತ್ತವೆ. ಅವುಗಳನ್ನು ಮೀನು ತಿನ್ನುತ್ತದೆ. ಮೀನನ್ನು ಹಕ್ಕಿ, ನೀರುನಾಯಿ, ಮೊಸಳೆಗಳು ತಿನ್ನುತ್ತವೆ. ಹೀಗೆ ಒಂದಕ್ಕೊಂದು ಸರಪಳಿಯ ಕೊಂಡಿಗಳಂತೆ ಬೆಸೆದುಕೊಂಡಿವೆ. ಒಂದು ಕೊಂಡಿ ಕಳಚಿದರೆ ಸರಪಳಿಯೇ ಸಡಿಲವಾಗುತ್ತದೆ.

ಬೇಸಿಗೆಯಲ್ಲಿ ಗೂಡುಗಳ ಕಡೆ ನೋಡಿದರೆ ತಾಯಿತಂದೆಯರ ಪಾಡು ತಿಳಿಯುತ್ತದೆ. ಬಣ್ಣದ ಕೊಕ್ಕರೆಯ ಮರಿಗಳಿಗೆ ಮೊದಮೊದಲು ಬಿಸಿಲು ತಾಳುವ ಶಕ್ತಿ ಇರುವುದಿಲ್ಲ. ತಾಯಿ ಅಥವಾ ತಂದೆ ಸೂರ್ಯನಿಗೆ ಬೆನ್ನು ಮಾಡಿ ನಿಂತು ರೆಕ್ಕೆಗಳನ್ನು ಕೊಡೆಯಂತೆ ಬಿಡಿಸಿ ಮರಿಗಳಿಗೆ ನೆರಳು ಮಾಡುತ್ತದೆ. ಗಂಟಲಿನಲ್ಲಿ ನೀರು ತುಂಬಿ ತಂದು ಮರಿಗಳ ಮೇಲೆ ಸುರಿಯುತ್ತದೆ. ಒಬ್ಬರು ಮೀನು ತರಲು ಹೋದರೆ ಇನ್ನೊಬ್ಬರು ಗೂಡಿನಲ್ಲಿಯೇ ಇರಬೇಕು.

ನೀರಿನ ಮೇಲೆ ಸುಯ್ಯೆಂದು ಹಾರುವ ರೀವ ಹಕ್ಕಿಯ ಕಥೆ ಇನ್ನೂ ಕಷ್ಟದ್ದು. ಅದು ಮರದ ಮೇಲೆ ಗೂಡು ಕಟ್ಟುವುದಿಲ್ಲ. ಬೇಸಿಗೆಯಲ್ಲಿ ನೀರು ಇಳಿದಾಗ ಮೇಲೆದ್ದು ಕಾಣುವ ಬಂಡೆಗಳ ಮೇಲೆ, ಮರಳಿನ ಮೇಲೆ ಮೊಟ್ಟೆ ಇಡುತ್ತದೆ. ಮೊಟ್ಟೆಯ ಮೇಲೆ ಕಂದು ಚುಕ್ಕೆಗಳಿರುವುದರಿಂದ ಕಲ್ಲಿನ ನಡುವೆ ಅದು ಕಣ್ಣಿಗೆ ಬೀಳುವುದೇ ಇಲ್ಲ. ಶತ್ರುಗಳಿಂದ ಪಾರಾಗಲು ಇದು ಒಳ್ಳೆಯ ಉಪಾಯ.

ಈಗ ಯೋಚಿಸಿ ನೋಡಿ. ದೋಣಿಯಲ್ಲಿ ಕುಳಿತವರು ಕೂಗಿದರು, ಚಪ್ಪಾಳೆ ತಟ್ಟಿದರು ಎಂದುಕೊಳ್ಳೋಣ. ಬೆದರಿದ ತಾಯಿಹಕ್ಕಿ ಗೂಡು ಬಿಟ್ಟು ಹಾರುತ್ತದೆ. ಹಕ್ಕಿಗಳೆಲ್ಲ ಒಟ್ಟಿಗೆ ಮೇಲೆದ್ದರೆ ನೋಡುವವರಿಗೆ ಚೆಂದ. ಆದರೆ ಗೂಡಿನ ಮೊಟ್ಟೆ, ಮರಿಗಳ ಮೇಲೆ ಸುಡುಬಿಸಿಲು ಬೀಳುತ್ತದೆ. ಹೊಂಚು ಹಾಕುತ್ತಿದ್ದ ಕಾಗೆ ಮೊಟ್ಟೆಯನ್ನು ಒಡೆಯುತ್ತದೆ. ತಾಯಿ ಮರಳಿ ಬರುವ ಹೊತ್ತಿಗೆ ಗೂಡು ಬರಿದಾಗಿರಬಹುದು. ನಮ್ಮ ಒಂದು ಕ್ಷಣದ ಮೋಜಿಗೆ ಅದು ಒಂದು ವರ್ಷದ ಸಂತಾನವನ್ನೇ ಕಳೆದುಕೊಳ್ಳಬಹುದು. ಆದ್ದರಿಂದಲೇ ದೋಣಿ ದೂರದಲ್ಲಿ ನಿಲ್ಲುತ್ತದೆ. ಆದ್ದರಿಂದಲೇ ಮೌನವಾಗಿರಿ ಎಂದು ಹೇಳುತ್ತಾರೆ.

ನದಿ ಉಕ್ಕಿದಾಗ

ರಂಗನತಿಟ್ಟಿನಿಂದ ಮೇಲೆ, ನದಿ ಬರುವ ದಾರಿಯಲ್ಲಿ, ಕೃಷ್ಣರಾಜಸಾಗರ ಅಣೆಕಟ್ಟು ಇದೆ. 1911ರಲ್ಲಿ ಅದರ ಕಟ್ಟಡ ಕೆಲಸ ಆರಂಭವಾಯಿತು. ಕೆಲಸ ಮುಗಿಯಲು ಸುಮಾರು 20 ವರ್ಷ ಹಿಡಿಯಿತು. ಕೊಡಗಿನಲ್ಲಿ ಮಳೆ ಸುರಿದರೆ ಆ ನೀರೆಲ್ಲ ಇಲ್ಲಿಗೆ ಬರುತ್ತದೆ. ನೀರಿನ ಮಟ್ಟ 124.80 ಅಡಿಗೆ ಏರಿದರೆ ಅಣೆಕಟ್ಟು ತುಂಬಿತು ಎಂದು ಅರ್ಥ. ಆಗ ಬಾಗಿಲುಗಳನ್ನು ತೆರೆದು ನೀರನ್ನು ನದಿಗೆ ಬಿಡಬೇಕಾಗುತ್ತದೆ.

ಬಾಗಿಲು ತೆರೆದಾಗ ರಂಗನತಿಟ್ಟಿನ ಬಳಿ ನದಿ ಉಕ್ಕುತ್ತದೆ. ಬಂಡೆಗಳು ಕಾಣದಾಗುತ್ತವೆ. ತಿಟ್ಟುಗಳ ಅಂಚು ಮುಳುಗುತ್ತದೆ. ತಗ್ಗಿನ ಕೊಂಬೆಗಳ ಮೇಲಿನ ಗೂಡುಗಳು ಕೊಚ್ಚಿಹೋಗುತ್ತವೆ. 2018 ಮತ್ತು 2019ರ ಮಳೆಗಾಲದಲ್ಲಿ ಹೀಗೆಯೇ ಆಯಿತು. ದೋಣಿ ವಿಹಾರವನ್ನು ನಿಲ್ಲಿಸಬೇಕಾಯಿತು. ಪ್ರವಾಹ ಇಳಿದ ಮೇಲೆ ನೋಡಿದರೆ ತಿಟ್ಟಿನ ಮಣ್ಣು ಕೊರೆದುಹೋಗಿರುತ್ತದೆ. ಮಣ್ಣು ಹೋದರೆ ಬೇರು ಸಡಿಲವಾಗಿ ಮರ ಉರುಳುತ್ತದೆ. ಮರ ಉರುಳಿದರೆ ಗೂಡಿಗೆ ಜಾಗವಿಲ್ಲ. ಇದನ್ನು ತಡೆಯಲು ಅರಣ್ಯ ಇಲಾಖೆಯವರು ತಿಟ್ಟುಗಳ ಅಂಚಿಗೆ ಮರಳಿನ ಮೂಟೆಗಳನ್ನು ಜೋಡಿಸಿ ಮಣ್ಣನ್ನು ಭದ್ರಪಡಿಸಿದ್ದಾರೆ.

ಹಾಗಾದರೆ ಅಣೆಕಟ್ಟಿನಿಂದ ನೀರು ಬಿಡಲೇಬಾರದೇ? ಹಾಗೆ ಹೇಳಲಾಗದು. ಆ ನೀರು ಬಿಳಿಗುಂಡ್ಲುವನ್ನು ದಾಟಿ, ಹೊಗೇನಕಲ್ಲಿನಲ್ಲಿ ಧುಮುಕಿ ಮೇಟ್ಟೂರು ಅಣೆಕಟ್ಟನ್ನು ಸೇರುತ್ತದೆ. ತಂಜಾವೂರಿನವರೆಗೂ ರೈತರು ಅದಕ್ಕಾಗಿ ಕಾಯುತ್ತಿರುತ್ತಾರೆ. ಮಂಡ್ಯದ ಕಬ್ಬು, ಭತ್ತಕ್ಕೂ ಅದೇ ನೀರು ಬೇಕು. ಪಟ್ಟಣಗಳಿಗೆ ಕುಡಿಯಲು ಅದೇ ನೀರು ಬೇಕು. ನದಿ ಒಂದೇ, ಅದನ್ನು ನಂಬಿದವರು ಹಲವರು. ಆ ಹಲವರಲ್ಲಿ ಹಕ್ಕಿಗಳೂ ಸೇರಿವೆ. ತಮಗೂ ಪಾಲು ಬೇಕೆಂದು ಕೇಳಲು ಅವುಗಳಿಗೆ ಬಾಯಿಲ್ಲ. ಅವುಗಳ ಪರವಾಗಿ ಯೋಚಿಸಬೇಕಾದವರು ನಾವು.

ಲೋಕವೇ ಗುರುತಿಸಿದ ಜಾಗ

1971ರಲ್ಲಿ ಇರಾನ್ ದೇಶದ ರಾಮ್ಸರ್ ಎಂಬ ಊರಿನಲ್ಲಿ ಹಲವು ದೇಶಗಳವರು ಸೇರಿ ಒಂದು ಒಪ್ಪಂದ ಮಾಡಿಕೊಂಡರು. ಕೆರೆ, ನದಿ, ಜವುಗು ನೆಲ ಮೊದಲಾದ ನೀರಿನ ತಾಣಗಳನ್ನು ಕಾಪಾಡುವುದೇ ಅದರ ಉದ್ದೇಶ. ಮಹತ್ವದ ತಾಣಗಳ ಪಟ್ಟಿಗೆ 2022ರಲ್ಲಿ ರಂಗನತಿಟ್ಟು ಸೇರಿತು. ಆ ಪಟ್ಟಿಗೆ ಸೇರಿದ ಕರ್ನಾಟಕದ ಮೊದಲ ತಾಣ ಅದು. ತಮಿಳುನಾಡಿನ ಕೋಡಿಕ್ಕರೈ 2002ರಲ್ಲಿಯೂ ವೇಡಂತಾಂಗಲ್ 2022ರಲ್ಲಿಯೂ ಅದೇ ಪಟ್ಟಿಗೆ ಸೇರಿವೆ.

ಕಾಯಿದೆ, ಪಟ್ಟಿಗಳಿಗಿಂತ ಮೊದಲೇ ಹಕ್ಕಿಗಳನ್ನು ಕಾಪಾಡಿದವರು ಹಳ್ಳಿಯ ಜನ. ವೇಡಂತಾಂಗಲ್ ಕೆರೆಯಲ್ಲಿ 200 ವರ್ಷಗಳಿಗೂ ಹಿಂದೆ ಸೈನಿಕರು ಹಕ್ಕಿಗಳನ್ನು ಬೇಟೆಯಾಡತೊಡಗಿದಾಗ ಊರಿನವರು ಜಿಲ್ಲೆಯ ಅಧಿಕಾರಿಯ ಬಳಿಗೆ ಹೋಗಿ ಅದನ್ನು ನಿಲ್ಲಿಸಿದರು. ಹಿಕ್ಕೆ ಬೆರೆತ ಕೆರೆಯ ನೀರು ತಮ್ಮ ಗದ್ದೆಗೆ ಗೊಬ್ಬರ ಎಂಬುದನ್ನು ಅವರು ಅರಿತಿದ್ದರು. ಶಿವಗಂಗೆ ಜಿಲ್ಲೆಯ ಕೊಳ್ಳುಕುಡಿಪಟ್ಟಿಯ ಜನ ದೀಪಾವಳಿಗೆ ಪಟಾಕಿ ಸಿಡಿಸುವುದಿಲ್ಲ. ಊರ ಕೆರೆಯ ಹಕ್ಕಿಗಳು ಬೆದರಬಾರದು ಎಂಬುದೇ ಕಾರಣ. ಅಲ್ಲಿನ ಮಕ್ಕಳಿಗೂ ಪಟಾಕಿಯ ಆಸೆ ಇರುವುದಿಲ್ಲವೇ? ಇರುತ್ತದೆ. ಆದರೂ ಅವರು ಹಕ್ಕಿಗಳಿಗಾಗಿ ಅದನ್ನು ಬಿಟ್ಟಿದ್ದಾರೆ. ಕರ್ನಾಟಕದ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಮನೆಗಳ ಪಕ್ಕದ ಮರಗಳಲ್ಲಿಯೇ ಗೂಡು ಕಟ್ಟುತ್ತವೆ. ಊರಿನವರು ಅವುಗಳನ್ನು ತವರಿಗೆ ಬಂದ ಹೆಣ್ಣುಮಕ್ಕಳಂತೆ ಕಾಣುತ್ತಾರೆ.

ನಮ್ಮ ಜಿಲ್ಲೆಯೂ ಕಡಿಮೆಯೇನಲ್ಲ. ಕೃಷ್ಣಗಿರಿ ಮತ್ತು ಧರ್ಮಪುರಿ ಜಿಲ್ಲೆಗಳ ಕಾಡನ್ನು ಸೇರಿಸಿ 2014ರಲ್ಲಿ ಕಾವೇರಿ ಉತ್ತರ ವನ್ಯಜೀವಿಧಾಮವನ್ನೂ 2022ರಲ್ಲಿ ಕಾವೇರಿ ದಕ್ಷಿಣ ವನ್ಯಜೀವಿಧಾಮವನ್ನೂ ಸರಕಾರ ಘೋಷಿಸಿತು. ಅಲ್ಲಿ ಆನೆಗಳಿವೆ, ಬೂದು ಬಣ್ಣದ ದೊಡ್ಡ ಅಳಿಲುಗಳಿವೆ. ಅಲ್ಲಿನ ಕಾವೇರಿಯಲ್ಲಿ ಮೊಸಳೆಗಳೂ ನೀರುನಾಯಿಗಳೂ ಇವೆ. ರಂಗನತಿಟ್ಟಿನಲ್ಲಿ ಕಂಡ ಪ್ರಾಣಿಗಳ ಬಂಧುಗಳೇ ಇವು.

ಹಕ್ಕಿ ನೋಡಲು ದೂರ ಹೋಗಲೇಬೇಕೆಂದಿಲ್ಲ. ಹೊಸೂರಿನ ರಾಮನಾಯಕನ ಕೆರೆ, ಕೆಲವರಪಳ್ಳಿ ಅಣೆಕಟ್ಟು, ಕೃಷ್ಣಗಿರಿ ಅಣೆಕಟ್ಟು, ಇಲ್ಲವೇ ನಿಮ್ಮ ಊರಿನ ಕೆರೆಯೇ ಸಾಕು. ದೊಡ್ಡವರ ಜೊತೆಯಲ್ಲಿ ಹೋಗಿ ಬೆಳಗಿನ ಹೊತ್ತು ದಡದಲ್ಲಿ ಸುಮ್ಮನೆ ಕುಳಿತುಕೊಳ್ಳಿ. ಬೆಳ್ಳಕ್ಕಿ ಬರುತ್ತದೆ, ಮಿಂಚುಳ್ಳಿ ಬರುತ್ತದೆ, ನೀರುಕಾಗೆ ರೆಕ್ಕೆ ಬಿಡಿಸುತ್ತದೆ. ಅದರ ಕೊಕ್ಕು ನೋಡಿ, ಕಾಲು ನೋಡಿ, ಅದು ಏನು ತಿನ್ನುತ್ತದೆ ನೋಡಿ. ಕಂಡದ್ದನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಸಾಲಿಂ ಅಲಿಯವರೂ ಇಂತಹುದೇ ಒಂದು ಪ್ರಶ್ನೆಯಿಂದ ಆರಂಭಿಸಿದವರು. ಇದು ಯಾವ ಹಕ್ಕಿ ಎಂದು ಅವರು ಕೇಳಿದರು. ನೀವೂ ಕೇಳಿ.

ಪದಗಳ ಅರ್ಥ

ನಡುಗಡ್ಡೆ – ಸುತ್ತಲೂ ನೀರಿರುವ ನೆಲ, ದ್ವೀಪ
ತಿಟ್ಟು – ದಿಬ್ಬ
ಹುಟ್ಟು – ದೋಣಿ ನಡೆಸುವ ಮರದ ಕೋಲು
ಹಿಕ್ಕೆ – ಹಕ್ಕಿಯ ಮಲ
ಕಂದಕ – ಕೋಟೆಯ ಸುತ್ತಲಿನ ಆಳವಾದ ಅಗಳು
ಭರ್ಜಿ – ಈಟಿ
ಸಂತಾನ – ಮಕ್ಕಳು, ಮರಿಗಳು

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ರಂಗನತಿಟ್ಟು ಯಾವ ವರ್ಷ ಪಕ್ಷಿಧಾಮವಾಯಿತು?
2. ಬಾಯ್ಕಳಕ ಕೊಕ್ಕರೆಯ ಮುಖ್ಯ ಆಹಾರ ಯಾವುದು?
3. ರೀವ ಹಕ್ಕಿ ಎಲ್ಲಿ ಮೊಟ್ಟೆ ಇಡುತ್ತದೆ?

ಆ) ಎರಡು ಮೂರು ವಾಕ್ಯಗಳಲ್ಲಿ ಉತ್ತರಿಸಿರಿ.
1. ಮೊಸಳೆ ಬಿಸಿಲಿನಲ್ಲಿ ಬಾಯಿ ತೆರೆದು ಮಲಗುವುದೇಕೆ?
2. ದೋಣಿಯಲ್ಲಿ ಹೋಗುವಾಗ ಮೌನವಾಗಿರಬೇಕು, ಏಕೆ?
3. ನದಿ ಉಕ್ಕಿದಾಗ ತಿಟ್ಟುಗಳಿಗೆ ಏನಾಗುತ್ತದೆ?

ಇ) ಹೊಂದಿಸಿ ಬರೆಯಿರಿ.
ಹಾವಕ್ಕಿ – ಚರ್ಮದ ಚೀಲ
ಹೆಜ್ಜಾರ್ಲೆ – ಕುಡುಗೋಲಿನಂತಹ ಕೊಕ್ಕು
ಬಿಳಿ ಕೆಂಬರಲು – ಭರ್ಜಿಯಂತಹ ಕೊಕ್ಕು

ಈ) ಮಾಡಿ ನೋಡಿರಿ.
ನಿಮ್ಮ ಊರಿನ ಕೆರೆಯಲ್ಲಿ ಕಾಣುವ ಐದು ಹಕ್ಕಿಗಳ ಹೆಸರುಗಳನ್ನು ಕನ್ನಡದಲ್ಲಿಯೂ ತಮಿಳಿನಲ್ಲಿಯೂ ಹಿರಿಯರಿಂದ ಕೇಳಿ ಬರೆಯಿರಿ. ಅವುಗಳ ಕೊಕ್ಕಿನ ಚಿತ್ರ ಬಿಡಿಸಿರಿ.